ಮೊದಲು ಕಟ್ಟು, ಆಮೇಲೆ ಕೇಳು: ಪುರಸಭೆಯಲ್ಲಿ ಕಟ್ಟಡದ ನಿಯಮ ನಿಜವಾಗಿ ಹೇಗೆ ನಡೆಯುತ್ತೆ?

(ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ಮೊಟಕುಗೊಳಿಸಿದ್ದೇನೆ.)

ಈ ಸಂಚಿಕೆಗೆ ಕಾರಣ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜು. ತಾಲೂಕು ಕೇಂದ್ರವೊಂದರಲ್ಲಿ ಅವರ ಅಪ್ಪ-ಅಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸ್ತಿದ್ದಾರೆ. ಪ್ಲಾನ್ ಪಾಸ್ ಆಗಿದೆ, ಬ್ಯಾಂಕ್ ಸಾಲದ ಎರಡು ಕಂತೂ ಬಂದಿದೆ. ಪ್ಲಾನ್ ಪ್ರಕಾರ ಪಕ್ಕದಲ್ಲಿ ಮೂರು ಅಡಿ ಬಿಡಬೇಕಿತ್ತು. ಮೇಸ್ತ್ರಿ ಬಂದು, "ಅಷ್ಟು ಜಾಗ ಸುಮ್ನೆ ಬಿಟ್ಟು ಏನ್ ಮಾಡ್ತೀರಾ ಯಜಮಾನ್ರೆ, ಗೋಡೆ ಎರಡಡಿ ಆಚೆಗೆ ತಗೊಂಡ್ರೆ ರೂಮು ದೊಡ್ಡದಾಗುತ್ತೆ" ಅಂದಿದ್ದಾರೆ. ಗೋಡೆ ಎದ್ದಿದೆ. ಈಗ ಪಕ್ಕದ ಮನೆಯವರು ಪುರಸಭೆಗೆ ದೂರು ಕೊಟ್ಟಿದ್ದಾರೆ. ಕೇಳುಗರ ಪ್ರಶ್ನೆ ಇಷ್ಟು: "ಬರೀ ಎರಡಡಿ ವಿಷಯ. ಇದಕ್ಕೆ ಸ್ಪೆಷಲ್ ಪರ್ಮಿಷನ್ ಅಂತ ಏನಾದ್ರೂ ಇರುತ್ತಾ? ಯಾರನ್ನ ಕೇಳ್ಬೇಕು?"

ಒಳ್ಳೆ ಪ್ರಶ್ನೆ. ಆದ್ರೆ ಈ ಪ್ರಶ್ನೆಯನ್ನ ಗೋಡೆ ಏಳೋ ಮುಂಚೆ ಕೇಳೋಕೆ ನಮ್ಮ ಪುರಸಭೆಗಳಲ್ಲಿ ಒಂದು ಸರಿಯಾದ ಜಾಗವೇ ಇಲ್ಲ. ನನ್ನ ಪ್ರಕಾರ ಮಿಕ್ಕ ಗೋಜಲೆಲ್ಲ ಹುಟ್ಟೋದು ಅಲ್ಲಿಂದಲೇ.

ಮೊದಲು ಯಾರು ಯಾರು ಅಂತ ನೋಡೋಣ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನ ಇರೋ ಊರಿಗೆ ಪಟ್ಟಣ ಪಂಚಾಯಿತಿ, ಇಪ್ಪತ್ತರಿಂದ ಐವತ್ತು ಸಾವಿರಕ್ಕೆ ಪುರಸಭೆ, ಅದಕ್ಕೂ ಮೇಲೆ ನಗರಸಭೆ. ಇವು ಮೂರಕ್ಕೂ ಒಂದೇ ಕಾನೂನು, ಕರ್ನಾಟಕ ಪುರಸಭೆಗಳ ಕಾಯ್ದೆ, 1964. ಮನೆ ಕಟ್ಟೋಕೆ ಲೈಸೆನ್ಸ್ ಕೊಡೋದು ಇದರ 187ನೇ ಸೆಕ್ಷನ್ ಅಡಿಯಲ್ಲಿ. ಕಡತದ ಮೇಲೆ ಸಹಿ ಮುಖ್ಯಾಧಿಕಾರಿಯದು, ಅಂದ್ರೆ ನಾವು ಚೀಫ್ ಆಫೀಸರ್ ಅಂತ ಕರೆಯೋರು. ಸೈಟಿಗೆ ಬಂದು ಟೇಪು ಹಿಡಿಯೋದು ಜೂನಿಯರ್ ಇಂಜಿನಿಯರ್. ಅದೇ ಜೆಇ ಚರಂಡಿ ಕೆಲಸದ ಅಳತೆ ಬರೀಬೇಕು, ನೀರಿನ ಪೈಪ್ ಒಡೆದರೆ ಓಡಬೇಕು, ಟೆಂಡರ್ ಕಾಗದ ನೋಡಬೇಕು.

ಇದರ ಪಕ್ಕದಲ್ಲೇ ಇನ್ನೊಂದು ಕಾನೂನಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಊರಿಗೆ ಮಾಸ್ಟರ್ ಪ್ಲಾನ್ ಅಂತ ಒಂದು ನಕ್ಷೆ ಇರುತ್ತೆ ನೋಡಿ, ಅದು ಇದರಿಂದ ಬರೋದು. ಹಳದಿ ಬಣ್ಣ ವಾಸದ ಮನೆಗೆ, ನೀಲಿ ಅಂಗಡಿ-ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಪಾರ್ಕಿಗೆ. ಇದನ್ನ ನೋಡಿಕೊಳ್ಳೋದು ಯೋಜನಾ ಪ್ರಾಧಿಕಾರ. ಒಂದು ತಮಾಷೆ ಹೇಳ್ತೀನಿ. ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂದು 1993ರಲ್ಲಿ ಜಾರಿಯಾಯ್ತಲ್ಲ, ಅದರಲ್ಲಿ ಊರಿನ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ಮೊದಲನೇದೇ ನಗರ ಯೋಜನೆ. ಎರಡನೇದು ಭೂ ಬಳಕೆ ಮತ್ತು ಕಟ್ಟಡ ನಿಯಂತ್ರಣ. ಕುಡಿಯೋ ನೀರು, ಕಸ ಎಲ್ಲ ಆಮೇಲೆ. ನಿಮ್ಮ ವಾರ್ಡಿನ ಮೆಂಬರ್‌ಗೆ ಹೋಗಿ, "ನಮ್ಮ ಬೀದಿ ಮಾಸ್ಟರ್ ಪ್ಲಾನಿನಲ್ಲಿ ಯಾವ ಬಣ್ಣ?" ಅಂತ ಕೇಳಿ ನೋಡಿ. ಬೀದಿ ದೀಪದ ಬಗ್ಗೆ ಆದ್ರೆ ಉತ್ತರ ಬೇಗ ಸಿಗುತ್ತೆ.

ಈಗ ಜನ ಅತಿ ಹೆಚ್ಚು ಗೊಂದಲ ಮಾಡ್ಕೊಳ್ಳೋ ಜಾಗಕ್ಕೆ ಬರ್ತೀನಿ. "ಕನ್ವರ್ಷನ್ ಆಗಿದೆ ಸಾರ್, ಏನು ಬೇಕಾದ್ರೂ ಕಟ್ಟಬಹುದು" ಅಂತ ಸೈಟ್ ಮಾರೋರು ಹೇಳ್ತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಕನ್ವರ್ಷನ್ ಅಂದ್ರೆ ಭೂ ಪರಿವರ್ತನೆ. ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನ ಬೇರೆ ಉದ್ದೇಶಕ್ಕೆ ಬಳಸೋಕೆ ಜಿಲ್ಲಾಧಿಕಾರಿ ಕೊಡೋ ಆದೇಶ. ಮಾಸ್ಟರ್ ಪ್ಲಾನಿನಲ್ಲಿ ಆ ಜಾಗದ ಬಣ್ಣ ಬದಲಾಯಿಸೋದು ಬೇರೆ ಕೆಲಸ, ಅದು 1961ರ ಕಾಯ್ದೆಯ 14ಎ ಸೆಕ್ಷನ್. ಲೇಔಟಿಗೆ ಒಪ್ಪಿಗೆ ಕೊಡೋದು ಇನ್ನೊಂದು, 17ನೇ ಸೆಕ್ಷನ್. ಇವೆಲ್ಲ ಮುಗಿದ ಮೇಲೆ ಕಟ್ಟಡದ ಲೈಸೆನ್ಸ್. ನಾಲ್ಕು ಬೀಗ, ನಾಲ್ಕು ಕೀಲಿ. ಒಂದು ಕೀಲಿ ತೋರಿಸಿ ನಾಲ್ಕೂ ತೆಗೆದಿದೆ ಅಂತ ನಂಬಿಸೋ ವ್ಯಾಪಾರ ಪ್ರತಿ ತಾಲೂಕಿನಲ್ಲೂ ಇದೆ. ಖಾತೆ, ಕಂದಾಯ ರಸೀದಿ ಇದ್ಯಾವುದೂ ಈ ನಾಲ್ಕರಲ್ಲಿ ಬರಲ್ಲ. ಕಂದಾಯ ಕಟ್ಟಿದ್ದೀವಿ ಅಂದ ಮಾತ್ರಕ್ಕೆ ಕಟ್ಟಡ ಕಾನೂನುಬದ್ಧ ಆಗಲ್ಲ. ಬಿ-ಖಾತಾ ಸಿಕ್ಕಿದೆ ಅಂತ ಖುಷಿಪಡೋರೂ ಇದನ್ನ ಒಂದ್ಸಲ ಕೇಳಿಸ್ಕೊಳ್ಳಿ.

14ಎ ಬಗ್ಗೆ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನಮ್ಮಲ್ಲಿ 'ಮುಂಚೆ ಕೇಳೋ' ಬಾಗಿಲು ಅಂತ ಇದ್ರೆ ಅದು ಇದೇ. ನಕ್ಷೆಯಲ್ಲಿ ತಪ್ಪಿದ್ರೆ, ಏನಾದ್ರೂ ಬಿಟ್ಟುಹೋಗಿದ್ರೆ, ಪರಿಸ್ಥಿತಿ ಬದಲಾಗಿದ್ರೆ ಭೂ ಬಳಕೆ ಬದಲಾಯಿಸಬಹುದು. ಆದ್ರೆ ಸರ್ಕಾರದ ಪೂರ್ವಾನುಮೋದನೆ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಆ ಭಾಗದಲ್ಲಿ ಓಡಾಡೋ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆ ಸಲ್ಲಿಸೋಕೆ ಸಮಯ ಕೊಡಬೇಕು. ಓದೋಕೆ ಚೆನ್ನಾಗಿದೆ ಅಲ್ವಾ? ಆ ಪ್ರಕಟಣೆ ಹೇಗಿರುತ್ತೆ ಗೊತ್ತಾ? ಶ್ರದ್ಧಾಂಜಲಿ ಜಾಹೀರಾತಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಸರ್ವೆ ನಂಬರ್ ಇಷ್ಟು, ಗುಂಟೆ ಇಷ್ಟು, ವಾಸದಿಂದ ವಾಣಿಜ್ಯಕ್ಕೆ" ಅಂತ. ನಿಮ್ಮ ಮನೆ ಹಿಂದೆ ಕಲ್ಯಾಣ ಮಂಟಪ ಬರುತ್ತೆ ಅನ್ನೋದು ನಿಮಗೆ ಗೊತ್ತಾಗೋದು ಮೊದಲನೇ ಆರ್ಕೆಸ್ಟ್ರಾ ದಿನ.

ವಲಯ ನಿಯಮಾವಳಿಯೊಳಗೂ ಒಂದು ಸಂದಿ ಇದೆ. ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುತ್ತೆ. ಒಂದರಲ್ಲಿರೋದನ್ನ ಸಾಮಾನ್ಯವಾಗಿ ಮಾಡಬಹುದು. ಇನ್ನೊಂದರಲ್ಲಿರೋದನ್ನ ವಿಶೇಷ ಸಂದರ್ಭದಲ್ಲಿ, ಪ್ರಾಧಿಕಾರ ಒಪ್ಪಿದ್ರೆ ಮಾತ್ರ. ಆದ್ರೆ ಇದೆಲ್ಲ ಬಳಕೆಯ ಮಾತಾಯ್ತು, ಅಂದ್ರೆ ಮನೆಯೋ ಅಂಗಡಿಯೋ ಗೋದಾಮೋ ಅಂತ. ನಮ್ಮ ಕೇಳುಗರದು ಎರಡಡಿ ಗೋಡೆಯ ಮಾತು. ಅದಕ್ಕೆ?

ಇಲ್ಲಿ ಸ್ವಲ್ಪ ಅಮೆರಿಕದ ಕಡೆ ನೋಡೋಣ. ಈ ಥರ ವಿನಾಯಿತಿಗೆ ಅಲ್ಲಿ ಒಂದು ಹೆಸರೇ ಇದೆ, ವೇರಿಯನ್ಸ್. ಅದು ಅಲ್ಲಿನ ಸಣ್ಣ ಊರುಗಳ ದಿನನಿತ್ಯದ ಕೆಲಸ. ಅಲ್ಲೂ ವಲಯ ಅನ್ನೋದು ಜಗಳದಲ್ಲೇ ಗಟ್ಟಿಯಾಗಿದ್ದು. ಓಹಾಯೋ ರಾಜ್ಯದ ಯೂಕ್ಲಿಡ್ ಅನ್ನೋ ಪುಟ್ಟ ಊರು ಮಾಡಿದ ವಲಯ ನಿಯಮವನ್ನ ಆಂಬ್ಲರ್ ರಿಯಾಲ್ಟಿ ಅನ್ನೋ ಕಂಪನಿ ಪ್ರಶ್ನಿಸಿತು. 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಅದೇ ದಶಕದಲ್ಲಿ ರಾಜ್ಯಗಳಿಗೆ ಅಂತ ಒಂದು ಮಾದರಿ ಕಾನೂನು ಬರೆದರು. ಅದರಲ್ಲಿ ಐದು ಜನರ ಒಂದು ಮಂಡಳಿ ಇದೆ. ನಿಯಮವನ್ನ ಅಕ್ಷರಶಃ ಹಾಕಿದ್ರೆ ಒಬ್ಬನಿಗೆ ವಿನಾಕಾರಣ ತೊಂದರೆ ಆಗುತ್ತೆ ಅನ್ನಿಸಿದ್ರೆ ಈ ಮಂಡಳಿ ಸಡಿಲಿಸಬಹುದು. ಐದರಲ್ಲಿ ನಾಲ್ಕು ಜನ ಒಪ್ಪಬೇಕು.

ಅವರು ನೋಡೋದು ಏನು? ನಿಮ್ಮ ಸೈಟೇ ಹಾಗಿದೆಯಾ ಅಂತ. ತ್ರಿಕೋನ ಆಕಾರ, ಹಿಂದೆ ಬಂಡೆ, ಪಕ್ಕದಲ್ಲಿ ಹಳ್ಳ, ಹೀಗೆ. ತೊಂದರೆ ನೀವೇ ತಂದ್ಕೊಂಡಿದ್ದಾಗಿದ್ರೆ ಅದು ನಿಮ್ಮ ವಿರುದ್ಧವೇ ಹೋಗುತ್ತೆ. "ರೂಮು ದೊಡ್ಡದಾಗ್ಬೇಕು" ಅನ್ನೋದು ಅಂಥ ಕಾರಣ ಅಲ್ಲ. ವಿಚಾರಣೆ ಬಹಿರಂಗ, ಅಕ್ಕಪಕ್ಕದವರಿಗೆ ಮುಂಚೆ ತಿಳಿಸಬೇಕು, ಅವರು ಬಂದು ಮಾತಾಡಬಹುದು. ಅಲ್ಲಿ ಎಲ್ಲ ಸ್ವರ್ಗ ಅಂತ ಹೇಳ್ತಿಲ್ಲ. ಪರಿಚಯದವರಿಗೆ ಸುಲಭ, ಜೋರು ಬಾಯಿಯ ನೆರೆಯವರಿಗೆ ಮಣೆ ಅನ್ನೋ ದೂರು ಅಲ್ಲೂ ಇದೆ. ಹೊಸಬರನ್ನ, ಬಡವರನ್ನ ಹೊರಗಿಡೋಕೆ ಇದೇ ವಲಯ ನಿಯಮ ಬಳಸಿದ್ದಾರೆ ಅನ್ನೋ ಟೀಕೆ ತುಂಬ ಗಂಭೀರವಾದದ್ದು. ಆದ್ರೆ ಒಂದು ವಿಷಯ ಗಮನಿಸಿ: ಕೇಳೋದು ಮೊದಲು, ಕಟ್ಟೋದು ಆಮೇಲೆ. ಪಕ್ಕದ ಮನೆಯವರ ಆಕ್ಷೇಪ ಬರೋದು ಕಾಗದದ ಮೇಲೆ ಗೆರೆ ಇದ್ದಾಗ.

ನಮ್ಮಲ್ಲಿ ಮುಖ್ಯಾಧಿಕಾರಿ ಮುಂದೆ ನಿಂತು, "ನಮ್ಮ ಸೈಟನ್ನ ರಸ್ತೆ ಅಗಲೀಕರಣ ಅರ್ಧ ನುಂಗಿದೆ, ಒಂದಡಿ ಸಡಿಲ ಮಾಡಿ, ಬೇಕಾದ್ರೆ ಪಕ್ಕದವರನ್ನೂ ಕೇಳಿ" ಅಂತ ಪ್ರಾಮಾಣಿಕವಾಗಿ ಕೇಳಿದ್ರೆ, ಆ ಕೇಳಿಕೆಯನ್ನ ಅಕ್ಕಪಕ್ಕದವರ ಎದುರಿಗೇ ವಿಚಾರಿಸಿ ತೀರ್ಮಾನ ಕೊಡೋ ಮಂಡಳಿ ಇಲ್ಲ. ಇಂಜಿನಿಯರ್ ಹೇಳೋದು ಒಂದೇ, "ಪ್ಲಾನಿನಲ್ಲಿ ರೂಲ್ಸ್ ಪ್ರಕಾರ ತೋರಿಸಿಬಿಡಿ." ಆ ವಾಕ್ಯದ ಉಳಿದರ್ಧವನ್ನ ಯಾರೂ ಜೋರಾಗಿ ಹೇಳಲ್ಲ. ಹಾಗಾಗಿ ಕಾಗದದಲ್ಲಿ ಒಂದು ಮನೆ, ಸೈಟಿನಲ್ಲಿ ಇನ್ನೊಂದು ಮನೆ. ನಿಜವಾದ ತೊಂದರೆ ಇದ್ದವರೂ, ಬರೀ ಬಾಡಿಗೆ ಆಸೆಯವರೂ ಒಂದೇ ಸಾಲಿನಲ್ಲಿ ನಿಂತುಬಿಡ್ತಾರೆ.

ನಾನು ಬಿ.ಕಾಂ ಓದಿದವನು, ಲೆಕ್ಕದಲ್ಲಿ ಯೋಚನೆ ಮಾಡೋ ಚಟ. ಸುಮ್ನೆ ಒಂದು ಲೆಕ್ಕ ಹಾಕೋಣ, ಅಂಕಿಗಳು ಕಾಲ್ಪನಿಕ. ನಿಯಮ ಮೀರಿ ಮೇಲೊಂದು ಮನೆ ಕಟ್ಟಿದ್ರೆ ತಿಂಗಳಿಗೆ 5,000 ಬಾಡಿಗೆ. ವರ್ಷಕ್ಕೆ 60,000. ಹತ್ತು ವರ್ಷಕ್ಕೆ ಆರು ಲಕ್ಷ. ಹತ್ತು ವರ್ಷ ಆದ್ಮೇಲೆ ಯಾವಾಗಲೋ ಒಂದು ಲಕ್ಷ ದಂಡ ಕಟ್ಟಿ ಸಕ್ರಮ ಮಾಡಿಸ್ಕೊಳ್ಳಬಹುದು ಅಂತ ನಂಬಿಕೆ ಇದ್ರೆ, ಆ ದಂಡ ಶಿಕ್ಷೆಯಾಗಿ ಕಾಣಲ್ಲ. ಲೈಸೆನ್ಸ್ ಫೀ ತಡವಾಗಿ ಕಟ್ಟಿದ ಹಾಗೆ ಕಾಣುತ್ತೆ. ನಿಯಮ ಪಾಲಿಸಿ ಮೂರಡಿ ಬಿಟ್ಟವನೇ ಪೆದ್ದ ಆಗ್ತಾನೆ.

ಈ ನಂಬಿಕೆ ಎಲ್ಲಿಂದ ಬಂತು? ಅಕ್ರಮ-ಸಕ್ರಮದಿಂದ. 2007ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಯೋಜನಾ ಕಾಯ್ದೆಯಲ್ಲಿ 76ಎಫ್ಎಫ್ ಅನ್ನೋ ಸೆಕ್ಷನ್ ಸೇರಿಸಿದರು. ಬಿಡಬೇಕಾದ ಜಾಗ ಅಥವಾ ಕಟ್ಟಬಹುದಾದ ಒಟ್ಟು ವಿಸ್ತೀರ್ಣದ ಉಲ್ಲಂಘನೆ ವಾಸದ ಮನೆಗಾದ್ರೆ ಶೇ 50ರವರೆಗೆ, ಬೇರೆ ಕಟ್ಟಡಕ್ಕಾದ್ರೆ ಶೇ 25ರವರೆಗೆ ಇದ್ದರೆ ದಂಡ ಕಟ್ಟಿಸ್ಕೊಂಡು ಸಕ್ರಮ. ನಿಯಮಗಳು ಬಂದಿದ್ದು 2014ರಲ್ಲಿ. 2013ರ ಅಕ್ಟೋಬರ್ 19ಕ್ಕಿಂತ ಮುಂಚೆ ಕಟ್ಟಿದ್ದಕ್ಕೆ ಮಾತ್ರ ಅಂತ ಗಡಿ ಹಾಕಿದರು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಇದನ್ನ ಎತ್ತಿಹಿಡಿಯಿತು, ಮರುತಿಂಗಳೇ, ಅಂದ್ರೆ 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಅದು ತಡೆಯಾಗಿದ್ರೂ ಊರಿನ ಕಟ್ಟೆ ಮೇಲೆ ಅದು ಇವತ್ತಿಗೂ ಜೀವಂತ. "ಇನ್ನೊಂದು ಸಕ್ರಮ ಬಂದೇ ಬರುತ್ತೆ ಬಿಡಿ" ಅನ್ನೋ ಮಾತನ್ನ ನೀವೂ ಕೇಳಿರ್ತೀರ. ಬಡವರ ಸಣ್ಣ ಮನೆಗಳನ್ನ ಉಳಿಸಬೇಕು ಅನ್ನೋ ವಾದಕ್ಕೆ ನನ್ನ ಒಪ್ಪಿಗೆ ಇದೆ. ಕಾನೂನುಬದ್ಧ ಸೈಟು ಕೈಗೆಟುಕದೆ ರೆವಿನ್ಯೂ ಸೈಟಿನಲ್ಲಿ ಶೀಟ್ ಮನೆ ಹಾಕ್ಕೊಂಡವರನ್ನೂ, ಮುಖ್ಯ ರಸ್ತೆಯಲ್ಲಿ ಪಾರ್ಕಿಂಗ್ ಜಾಗವನ್ನೆಲ್ಲ ಮಳಿಗೆ ಮಾಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ನನಗೆ ಸರಿ ಕಾಣಲ್ಲ. ಒಬ್ಬೊಬ್ಬರದನ್ನೂ ಬೇರೆ ಬೇರೆ ನೋಡೋ ಜಾಗ ಇಲ್ಲದಿದ್ದಾಗ, ಸರ್ಕಾರ ಎಲ್ಲರಿಗೂ ಒಟ್ಟಿಗೆ ಕ್ಷಮೆ ಕೊಡಬೇಕಾಗುತ್ತೆ, ಇಲ್ಲಾ ಎಲ್ಲರನ್ನೂ ಒಟ್ಟಿಗೆ ಹೆದರಿಸಬೇಕಾಗುತ್ತೆ.

ಸೆಟ್‌ಬ್ಯಾಕ್ ಯಾಕೆ ಅಷ್ಟು ಮುಖ್ಯ ಅಂತ ಕೇಳ್ತೀರ. ಗಾಳಿ, ಬೆಳಕು, ಮಳೆ ನೀರು ಪಕ್ಕದವರ ಗೋಡೆಗೆ ಇಳಿಯದೆ ಹೋಗೋ ದಾರಿ, ಬೆಂಕಿ ಬಿದ್ದರೆ ಒಬ್ಬ ಮನುಷ್ಯ ಪೈಪ್ ಹಿಡಿದು ನುಗ್ಗೋಕೆ ಜಾಗ. ಎರಡೂ ಮನೆಯವರು ಮೂರು ಮೂರಡಿ ಬಿಟ್ರೆ ಆರಡಿ ಓಣಿ. ಇಬ್ಬರೂ ಒಂದೊಂದಡಿ ಬಿಟ್ರೆ ಬೆಕ್ಕು ಓಡಾಡಬಹುದು.

ಮಹಡಿ ವಿಷಯ ಇನ್ನೂ ಭಾರ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡವೊಂದು ಕುಸಿದು 19 ಜನ ಸತ್ತರು. ಅವಶೇಷದಡಿಯಿಂದ ಜನರನ್ನ ಹೊರಗೆ ತೆಗೆಯೋಕೆ ದಿನಗಟ್ಟಲೆ ಹಿಡೀತು. ಧಾರವಾಡ ಸಣ್ಣ ಊರಲ್ಲ, ಅಲ್ಲಿ ಮಹಾನಗರ ಪಾಲಿಕೆಯೇ ಇದೆ. ಅಷ್ಟು ದೊಡ್ಡ ಕಚೇರಿ ಇರೋ ಊರಲ್ಲೇ ಹೀಗಾದ್ರೆ, ಚರಂಡಿ-ನೀರು-ಟೆಂಡರ್ ಮಧ್ಯೆ ಓಡೋ ಒಬ್ಬ ಜೆಇ ಎಷ್ಟು ಪಿಲ್ಲರ್ ನೋಡೋಕೆ ಸಾಧ್ಯ?

ನನ್ನ ಪ್ರಕಾರ ಮೇಲ್ವಿಚಾರಣೆಯ ಬೆಲೆಬಾಳೋ ಗಂಟೆ ಪಾಯ ಹಾಕೋ ದಿನ. ಸುಣ್ಣದ ಗೆರೆ ತಪ್ಪಿದೆ ಅಂತ ಅವತ್ತು ಹೇಳಿದ್ರೆ ಗೆರೆ ಅಳಿಸಿ ಮತ್ತೆ ಎಳೀಬಹುದು, ಖರ್ಚು ಒಂದು ಬೊಗಸೆ ಸುಣ್ಣ. ಗೋಡೆ ಎದ್ದ ಮೇಲೆ ಹೇಳಿದ್ರೆ ಸಾವಿರಾರು ರೂಪಾಯಿ. ಮೋಲ್ಡ್ ಬಿದ್ದ ಮೇಲೆ ಲಕ್ಷ. ಗೃಹಪ್ರವೇಶ ಆದ ಮೇಲೆ ಹೇಳಿದ್ರೆ ಅದು ಕೋರ್ಟು, ಕಣ್ಣೀರು, ಶಾಸಕರ ಫೋನು. ಪಕ್ಕದವರು ದೂರು ಕೊಟ್ಟ ಮೇಲೆ ಮಾತ್ರ ಟೇಪು ಹೊರಗೆ ಬರೋ ಪದ್ಧತಿಯಲ್ಲಿ ಅಳತೆ ಯಾವಾಗಲೂ ದುಬಾರಿ ಹಂತದಲ್ಲೇ ಶುರುವಾಗುತ್ತೆ.

ಈಗ ಆಟ ಬದಲಾಗ್ತಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮೀರತ್‌ನಲ್ಲಿ ವಾಸದ ನಿವೇಶನದಲ್ಲಿ ಅಂಗಡಿ ಕಟ್ಟಿದ್ದ ಪ್ರಕರಣ ಅದು. ಕಟ್ಟೋ ಅಷ್ಟೂ ದಿನ ಮಂಜೂರಾದ ನಕ್ಷೆಯನ್ನ ಸೈಟಿನಲ್ಲಿ ಹಾಕಿರಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು, ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದೆ ಕರೆಂಟು-ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕು ಕೂಡ ಆ ಪ್ರಮಾಣಪತ್ರ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು, ತಪ್ಪಾಗಿ ಪತ್ರ ಕೊಟ್ಟ ಅಧಿಕಾರಿ ಮೇಲೆ ಇಲಾಖಾ ಕ್ರಮ ಆಗಬೇಕು ಅಂತೆಲ್ಲ ನಿರ್ದೇಶನ ಕೊಟ್ಟಿತು. ಇಷ್ಟು ದುಡ್ಡು ಹಾಕಿದ್ದೀವಿ, ಇಷ್ಟು ವರ್ಷ ಯಾರೂ ಕೇಳಲಿಲ್ಲ ಅನ್ನೋದು ರಕ್ಷಣೆ ಆಗಲ್ಲ ಅಂತಾನೂ ಹೇಳಿತು. ಅದರ ಬಿಸಿ 2025ರಲ್ಲಿ ನಮ್ಮ ರಾಜ್ಯಕ್ಕೂ ತಟ್ಟಿತು. ಮೀಟರ್ ಸಿಗದೆ ಜನ ಬೀದಿಗೆ ಬಂದರು, ಆಮೇಲೆ ಸಣ್ಣ ನಿವೇಶನದ ಮನೆಗಳಿಗೆ ವಿನಾಯಿತಿಯ ಮಾತು ಬಂತು. ನೋಡಿ, ಮತ್ತೆ ಅದೇ: ಕಟ್ಟಿದ ಮೇಲೆ ವಿನಾಯಿತಿ.

ಹಾಗಂತ ನಾಳೆ ಬೆಳಿಗ್ಗೆ ಜೆಸಿಬಿ ಬಂದು ನಿಲ್ಲೋ ಹಾಗೂ ಇಲ್ಲ. 2024ರ ನವೆಂಬರ್ 13ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಕೆಡವೋ ಮುಂಚೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕೊಡಬೇಕು, ಕನಿಷ್ಠ 15 ದಿನ ಸಮಯ ಕೊಡಬೇಕು, ಮಾಲೀಕರ ಮಾತು ಕೇಳಬೇಕು ಅಂತ ಹೇಳಿದೆ. ರಸ್ತೆ, ಫುಟ್‌ಪಾತ್, ನದಿ ಮುಂತಾದ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ.

ಕೇಳುಗರ ಎರಡಡಿಗೆ ಬರ್ತೀನಿ. ಮೂರಡಿಯಲ್ಲಿ ಎರಡಡಿ ತಗೊಂಡಿದ್ದೀರಿ ಅಂದ್ರೆ ಉಲ್ಲಂಘನೆ ಶೇ 66 ದಾಟಿತು. ಅಕ್ರಮ-ಸಕ್ರಮಕ್ಕೆ ತಡೆ ಇಲ್ಲದಿದ್ರೂ, ದಿನಾಂಕದ ಗಡಿ ಇಲ್ಲದಿದ್ರೂ ನೀವು ಅದರೊಳಗೆ ಬರ್ತಿರಲಿಲ್ಲ. ನಿಮ್ಮ ಊರಿನ ಬೈಲಾದಲ್ಲಿ ಆ ಅಳತೆಯ ಸೈಟಿಗೆ ನಿಜವಾಗಿ ಎಷ್ಟು ಬಿಡಬೇಕು ಅಂತ ಮೊದಲು ನೋಡಿ. ಪ್ಲಾನಿನಲ್ಲಿ ಬೈಲಾಕ್ಕಿಂತ ಜಾಸ್ತಿ ತೋರಿಸಿದ್ದರೆ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಬಹುದು. ಸಣ್ಣ ವ್ಯತ್ಯಾಸಕ್ಕೆ ಅವಕಾಶ ಇದ್ರೆ ಅದೂ ಅದರಲ್ಲೇ ಬರೆದಿರುತ್ತೆ. ಇಲ್ಲ ಅಂತಾದ್ರೆ, ಮೋಲ್ಡ್ ಇನ್ನೂ ಬಿದ್ದಿಲ್ಲ ಅಂದಿದ್ದೀರಲ್ಲ, ಆ ಗೋಡೆ ಇಳಿಸಿ ಒಳಗೆ ತನ್ನಿ. ಅಪ್ಪ ಬೇಜಾರು ಮಾಡ್ಕೊಳ್ತಾರೆ, ಮೇಸ್ತ್ರಿ ಗೊಣಗ್ತಾರೆ. ಆದ್ರೆ ಒಂದು ಗೋಡೆಯ ಇಟ್ಟಿಗೆ-ಕೂಲಿಯ ಖರ್ಚನ್ನ, ಪ್ರಮಾಣಪತ್ರ ಸಿಗದೆ ತಾತ್ಕಾಲಿಕ ಕರೆಂಟಿನಲ್ಲಿ ಮನೆ ನಡೆಸೋ ಖರ್ಚಿನ ಪಕ್ಕ ಇಟ್ಟು ನೋಡಿ. ಪುರಸಭೆ ನೋಟಿಸ್ ಕೊಟ್ಟಿದ್ರೆ ಸುಮ್ನೆ ಕೂರಬೇಡಿ, ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಇನ್ವರ್ಡ್ ಸೀಲ್ ಹಾಕಿಸ್ಕೊಳ್ಳಿ. ಪಕ್ಕದ ಮನೆಯವರ ಹತ್ತಿರ ಹೋಗಿ ಮಾತಾಡಿ. ಅವರು ದೂರು ವಾಪಸ್ ತಗೊಂಡ ಮಾತ್ರಕ್ಕೆ ಉಲ್ಲಂಘನೆ ಸರಿಯಾಗಲ್ಲ, ಆದ್ರೂ ಅದೇ ಬೀದಿಯಲ್ಲಿ ಇನ್ನೂ ಮೂವತ್ತು ವರ್ಷ ಬಾಳಬೇಕಲ್ಲ.

ನೀವು ಆ ಕಡೆಯ ಗೋಡೆಯವರಾಗಿದ್ರೆ, ಅಂದ್ರೆ ನಿಮ್ಮ ಪಕ್ಕದಲ್ಲಿ ಕಟ್ಟಡ ಏಳ್ತಿದ್ರೆ, ಆರ್‌ಟಿಐ ಹಾಕಿ ಮಂಜೂರಾದ ನಕ್ಷೆಯ ಪ್ರತಿ ಕೇಳಿ. ಶುಲ್ಕ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಪುರಾಣ ಬರೆಯೋಕೆ ಹೋಗಬೇಡಿ. ಲೈಸೆನ್ಸ್ ಸಂಖ್ಯೆ ಗೊತ್ತಿಲ್ಲದಿದ್ರೆ ಆಸ್ತಿಯ ಚಕ್ಕುಬಂದಿ ಬರೆದರೂ ಸಾಕು. ಆದ್ರೆ ಮೂವತ್ತು ದಿನದಲ್ಲಿ ಒಂದು ಮಹಡಿ ಎದ್ದುಬಿಡಬಹುದು, ಅದಕ್ಕೆ ಪಾಯದ ಗುಂಡಿ ಕಂಡ ವಾರವೇ ಅರ್ಜಿ ಹಾಕಿ, ದಿನಾಂಕ ಬರೋ ಹಾಗೆ ಫೋಟೋ ತೆಗೆದಿಡಿ.

ಇನ್ನೊಂದು, ನಿಮ್ಮ ಊರಿನ ಮಾಸ್ಟರ್ ಪ್ಲಾನ್ ಪರಿಷ್ಕರಣೆ ಆಗ್ತಿದ್ಯಾ ಅಂತ ವಿಚಾರಿಸಿ. ಆಗ್ತಿದ್ರೆ ಕರಡು ನಕ್ಷೆಗೆ ಆಕ್ಷೇಪಣೆ ಕರೀತಾರೆ. ಮುಂದಿನ ಸಂಚಿಕೆಯಲ್ಲಿ ಆ ನಕ್ಷೆಯನ್ನ ಮೊಬೈಲ್‌ನಲ್ಲೇ ಓದೋದು ಹೇಗೆ, ನಿಮ್ಮ ಸರ್ವೆ ನಂಬರ್ ಹುಡುಕೋದು ಹೇಗೆ ಅಂತ ತೋರಿಸ್ತೀನಿ. ನಿಮ್ಮ ಊರಿನ ನಕ್ಷೆ ಸಿಕ್ಕಿದ್ರೆ ನನಗೂ ಕಳಿಸಿ. ವಾಯ್ಸ್ ಮೆಸೇಜು ಎರಡು ನಿಮಿಷ ದಾಟದಿರಲಿ, ದಯವಿಟ್ಟು.